ಸಿದ್ದರಾಜುವಿನ ಬೆಳಗಿನ ಮಂತ್ರ

ಹ್ಯಾಂಡ್‌ಪೋಸ್ಟಿನಲ್ಲಿ ಬಸ್ಸಿಳಿದವರಿಗೆ ಎದುರಿಗೇ ಕಾಣುವುದು ಸಿದ್ದರಾಜುವಿನ ಆನ್‌ಲೈನ್ ಸೆಂಟರ್. ಅಂಗಡಿ ಸಿದ್ದರಾಜುವಿನದು, ಕಟ್ಟಡ ಅವನ ಮಾವ ಗಂಗಾಧರಪ್ಪನವರದು. ಒಳಗಿರುವ ಕಂಪ್ಯೂಟರು ಅಳಿಯನದು, ಅದರ ಪಕ್ಕದ ಬೆತ್ತದ ಕುರ್ಚಿ ಮಾವನದು. ಆ ಕುರ್ಚಿಯೇ ಸಿದ್ದರಾಜುವಿನ ಗೋಳು.

ಗಂಗಾಧರಪ್ಪನವರು ಎಚ್.ಡಿ. ಕೋಟೆಯ ತಾಲ್ಲೂಕು ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದು ನಿವೃತ್ತರಾದವರು. ಬೆಳಿಗ್ಗೆ ವಿಭೂತಿ ಧರಿಸಿ ಬಂದು ಕೂತರೆ ಮಧ್ಯಾಹ್ನದ ಊಟದವರೆಗೆ ಅವರ ಬಾಯಿಗೆ ಬಿಡುವಿಲ್ಲ. ಪಹಣಿ ತೆಗೆಸಲು ಬಂದವರಿಗೆ ಕಾರ್ಬನ್ ಪೇಪರಿನ ಕಾಲದ ಕಥೆ, ಆಧಾರ್ ತಿದ್ದಿಸಲು ಬಂದವರಿಗೆ ತಾವು ಕಂಡ ತಹಶೀಲ್ದಾರರ ಕಥೆ. ಯಾವ ಕಥೆ ಎಲ್ಲಿ ಶುರುವಾದರೂ ಕೊನೆಗೆ ಅಳಿಯನ ಬೆರಳಿಗೇ ಬಂದು ನಿಲ್ಲುತ್ತಿತ್ತು.

“ನೋಡಿ ನಮ್ಮ ಅಳಿಯಂದ್ರನ್ನ. ಎರಡೇ ಬೆರಳು! ಕೋಳಿ ಕಾಳು ಹೆಕ್ಕಿದಂಗೆ. ನಾವು ಕೀಲಿ ಕಡೆ ತಿರುಗಿ ನೋಡ್ತಾನೂ ಇರ್ಲಿಲ್ಲ ಕಣ್ರೀ.”

ಗಿರಾಕಿಗಳು ನಗುತ್ತಿದ್ದರು. ಸಿದ್ದರಾಜುವೂ ಹಲ್ಲು ಕಚ್ಚಿಕೊಂಡು ನಗುತ್ತಿದ್ದ. ಮನೆಗೆ ಹೋಗಿ ಗೊಣಗಿದರೆ ಹೆಂಡತಿ ಪುಟ್ಟಿ, “ಅಪ್ಪಾಜಿ ಬುಟ್ರೆ ನಿಮ್ಗೆ ಬಸ್‌ಸ್ಟ್ಯಾಂಡ್ ಎದುರ್ಗೆ ಅಂಗಡಿ ಯಾರು ಕೊಡ್ತಿದ್ರು?” ಎಂದು ಬಾಯಿ ಮುಚ್ಚಿಸುತ್ತಿದ್ದಳು. ಮುಚ್ಚಬೇಕಾದ ಬಾಯಿ ಯಾವುದೆಂದು ಅವನಿಗೆ ಗೊತ್ತಿತ್ತು, ಹೇಳುವ ಧೈರ್ಯ ಇರಲಿಲ್ಲ.

ಸುತ್ತಲ ಹಳ್ಳಿಗಳ ಜನಕ್ಕೆ ಪಾಸ್‌ವರ್ಡ್ ಎಂದರೆ ಅದು ಸಿದ್ದರಾಜುವಿನ ಪಾಡು. “ಅದೆಲ್ಲ ನಿನ್ನತ್ರಾನೇ ಇರ್ಲಿ ಬುಡಪ್ಪ, ನಾವೆಲ್ಲಿ ಇಟ್ಕಳನ” ಎಂದು ಹೇಳಿ ಹೋಗಿಬಿಡುವರು. ಅವನು ಅಷ್ಟನ್ನೂ ಕಂಪ್ಯೂಟರಿನ ಹಿಂದಿನ ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಗೀಚಿಡುತ್ತಿದ್ದ. ಶಿವರಾತ್ರಿಗೆ ಮುಂಚೆ ಅವನು ಊರಲ್ಲಿಲ್ಲದಾಗ ಮಾವ, ಅಂಗಡಿ ಲಕ್ಷಣವಾಗಿ ಕಾಣಲಿ ಎಂದು, ಗೋಡೆಗೆಲ್ಲ ಬಣ್ಣ ಹೊಡೆಸಿಬಿಟ್ಟರು. ವಾಪಸ್ ಬಂದ ಅಳಿಯನಿಗೆ, “ಯಾರೋ ಏನೇನೋ ಗೀಚಿದ್ರು, ಎಲ್ಲ ಕ್ಲೀನ್ ಮಾಡಿಸ್ದೆ” ಎಂದು ಹೆಮ್ಮೆಯಿಂದ ತೋರಿಸಿದರು. ಸಿದ್ದರಾಜುವಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ.

ಅಂದೇ ಅವನು ವಿಡಿಯೋ ನೋಡಿಕೊಂಡು ಕಂಪ್ಯೂಟರಿಗೆ ಹೊಸದೊಂದು ಸಾಫ್ಟ್‌ವೇರ್ ಹಾಕಿಕೊಂಡ. ಚಿತ್ರವಿಲ್ಲ, ಬಣ್ಣವಿಲ್ಲ, ಮೌಸಿಗೆ ಕೆಲಸವಿಲ್ಲ. ಬರೀ ಕಪ್ಪು ಪರದೆ. ಯಾರ ಪಾಸ್‌ವರ್ಡ್ ಬೇಕೋ ಅವರ ಹೆಸರಿನ ಜೊತೆಗೆ ಒಂದು ಕಮಾಂಡ್ ಟೈಪ್ ಮಾಡಬೇಕು. ಆಗ ಅದು ಮಾಸ್ಟರ್ ಪಾಸ್‌ವರ್ಡ್ ಕೇಳುತ್ತದೆ. ಅದು ಸರಿಯಿದ್ದರೆ ಮಾತ್ರ ಗಿರಾಕಿಯ ಪಾಸ್‌ವರ್ಡನ್ನು ಹೊರಗೆ ಬಿಡುತ್ತದೆ. ಹೊಸ ಪಾಸ್‌ವರ್ಡುಗಳನ್ನೂ ಅದೇ ಹುಟ್ಟಿಸುತ್ತಿತ್ತು, ಅದು ಹುಟ್ಟಿಸಿದ್ದನ್ನು ದೇವರೂ ನೆನಪಿಟ್ಟುಕೊಳ್ಳುವ ಹಾಗಿರಲಿಲ್ಲ. ಮಾಸ್ಟರ್ ಮಾತ್ರ ಉದ್ದವಾಗಿರಬೇಕು, ಎಂದೂ ಮರೆಯಬಾರದು, ಎಲ್ಲೂ ಬರೆದಿಡಬಾರದು ಎಂದು ವಿಡಿಯೋದವನು ಹೇಳಿದ್ದ. ಸಿದ್ದರಾಜು ಹೊಸ ಬಣ್ಣದ ಗೋಡೆಯನ್ನೊಮ್ಮೆ ನೋಡಿದ. ಆಮೇಲೆ ಹೊಟ್ಟೆಯಲ್ಲಿ ಉರಿಯುತ್ತಿದ್ದುದನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಹೊಡೆದ: ‘ನಮ್ಮಾವನ ಬಾಯಿಗೆ ಬೀಗ ಹಾಕು ಶಿವನೇ.’

ಅದರ ಸುಖವೇ ಬೇರೆ. ಮಾಸ್ಟರ್ ಹೊಡೆಯುವಾಗ ಪರದೆಯ ಮೇಲೆ ಅಕ್ಷರ ಹೋಗಲಿ, ಒಂದು ಚುಕ್ಕಿಯೂ ಮೂಡುತ್ತಿರಲಿಲ್ಲ. ದಿನಾ ಬೆಳಿಗ್ಗೆ ಮಾವನ ಪಕ್ಕದಲ್ಲೇ ಕೂತು, ಮಾವನ ಕಣ್ಣೆದುರೇ, ಒಂದೊಂದಾಗಿ ಕೀಲಿ ಒತ್ತಿ ಅವರನ್ನು ಬೈದು ಮುಗಿಸಿ, “ಕಾಫಿ ತರಿಸ್ಲಾ ಮಾವ?” ಎಂದು ವಿನಯದಿಂದ ಕೇಳುತ್ತಿದ್ದ. ಮೇಲಿನ ಗೋಡೆಗೆ ‘ಮಾಸ್ಟರ್ ಪಾಸ್‌ವರ್ಡ್ ಹೊರಗಿನವರಿಗೆ ಹೇಳಲಾಗುವುದಿಲ್ಲ’ ಎಂದು ಬೋರ್ಡನ್ನೂ ಹಾಕಿದ.

ಶಿವನೂ ಕಣ್ಣು ಬಿಟ್ಟ. ಬರಬರುತ್ತಾ ಮಾವನ ಮಾತು ಕಡಿಮೆಯಾಯಿತು. ಬಂದವರಿಗೆ ತಲೆಯಾಡಿಸಿ ಪೇಪರ್ ಹಿಡಿದು ಕೂತುಬಿಡುತ್ತಿದ್ದರು. ತಹಶೀಲ್ದಾರರು, ಕಾರ್ಬನ್ ಪೇಪರು, ಕೋಳಿ, ಕಾಳು ಎಲ್ಲವೂ ನಿಂತುಹೋದವು. ಸಿದ್ದರಾಜು ಸೋಮವಾರ ದೇವಸ್ಥಾನಕ್ಕೆ ಹೋಗಿ ತೆಂಗಿನಕಾಯಿ ಒಡೆದು ಬಂದ. ಪುಟ್ಟಿ ಮಾತ್ರ, “ಅಪ್ಪಾಜಿ ಯಾಕೋ ಮಂಕಾಗವ್ರೆ ಕಣ್ರೀ, ಶುಗರ್ ಚೆಕ್ ಮಾಡಿಸ್ಬೇಕು” ಎಂದಳು. ವಯಸ್ಸಾಯಿತಲ್ಲ ಎಂದು ಇವನು ಸಮಾಧಾನ ಹೇಳಿದ.

ಹೀಗಿರುವಾಗ ಸಿದ್ದರಾಜು ಭೇರ್ಯದಲ್ಲಿ ಗೆಳೆಯನೊಬ್ಬನ ಮನೆಯ ಗೃಹಪ್ರವೇಶಕ್ಕೆ ಹೋದ. ಊಟ ಮುಗಿಸಿ ಹೊರಟರೆ, ಕೆ.ಆರ್. ನಗರ ಇನ್ನೂ ಮುಟ್ಟುವ ಮೊದಲೇ ಬಸ್ಸು ಹೊಗೆ ಬಿಟ್ಟು ನಿಂತಿತು. ಜನ ಇಳಿದು ಹೊಂಗೆಮರದ ನೆರಳಿಗೆ ಬಂದರು. ಆಗ ಮಾವನ ನಂಬರಿನಿಂದ ಫೋನು ಬಂತು.

“ಅಣ್ಣೋ, ನಿಂಗರಾಜು ಕಣಣ್ಣೋ! ನಮ್ ಮಗ್ಳು ಕಾವ್ಯಶ್ರೀ ನರ್ಸಿಂಗ್ ಸೀಟ್ಗೆ ಕಾಲೇಜು ಆರಿಸ್ಬೇಕಂತೆ. ಇವತ್ ನಾಕ್ ಗಂಟ್ಗೇ ಬಂದ್ ಆಯ್ತದಂತೆ, ಈಗ್ತಾನೆ ಗೊತ್ತಾಯ್ತು. ನಿಮ್ ಅಂಗ್ಡಿ ತಾವೇ ಇವ್ನಿ. ಪಾಸ್‌ವರ್ಡ್ ಏಳಣ್ಣ!”

ಆಗಲೇ ಮೂರೂವರೆ ದಾಟಿತ್ತು. ಪಾಸ್‌ವರ್ಡ್ ಬದಲಿಸೋಣವೆಂದರೆ ಒಟಿಪಿ ಬರಬೇಕಾದ ನಂಬರು, ಎಮ್ಮೆ ಮೈ ತೊಳೆಯುವಾಗ ನಿಂಗರಾಜುವಿನ ಜೇಬಿನಿಂದ ಜಾರಿ, ಕಬಿನಿ ಹಿನ್ನೀರಿನ ತಳದಲ್ಲಿತ್ತು. ಇರುವುದು ಕಪ್ಪು ಪರದೆಯೊಂದೇ. ಕಷ್ಟಪಟ್ಟು ಓದಿದ ಹುಡುಗಿಯ ಸೀಟು ತನ್ನ ಅಂಗಡಿಯಲ್ಲಿ ಕೊಳೆಯುವುದೇ?

“ಕಾವ್ಯಶ್ರೀ ಕೈಗೆ ಫೋನ್ ಕೊಡಪ್ಪ, ಅವಳೇ ಹೊಡೀಲಿ” ಎಂದ. ಆದರೆ ಕೇಳಿಸಿದ್ದು ಮಾವನ ದನಿ.

“ಅಳಿಯಂದ್ರೇ, ಅದು ಸುತ್ತಲ ಹತ್ತೂರಿನೋರ ಬೀಗದ ಕೈ. ಹೊರಗಿನೋರಿಗೆ ಹೇಳಲ್ಲ ಅಂತ ನೀವೇ ಬೋರ್ಡ್ ಹಾಕಿದ್ದೀರಿ. ಇವ್ರನ್ನ ಆಚೆ ಬೆಂಚಲ್ಲಿ ಕೂರ್ಸಿದ್ದೀನಿ. ಹುಡುಗಿ ಹೆಸರಿಗೆ ಕಮಾಂಡ್ ಹೊಡ್ದಾಯ್ತು, ಮಾಸ್ಟರ್ ಕೇಳ್ತಾ ಅದೆ. ಹೇಳಿ, ನಾನು ಹೊಡೀತೀನಿ.”

ಮಾವನಿಗೆ ಕಮಾಂಡ್ ಹೇಗೆ ಬಂತು ಎಂದು ಯೋಚಿಸುವಷ್ಟು ಎಚ್ಚರವೂ ಸಿದ್ದರಾಜುವಿಗೆ ಉಳಿದಿರಲಿಲ್ಲ.

“ಒಂದೊಂದೇ ಅಕ್ಷರ ಹೇಳ್ತೀನಿ ಮಾವ. ಎನ್... ಎ...”

“ನಾನೇನು ಅಂಗನವಾಡಿ ಮಗುವೇನ್ರೀ? ಪೂರ್ತಿ ಡಿಕ್ಟೇಷನ್ ಕೊಡಿ. ಹೊತ್ತಾಗ್ತದೆ.”

ಸಿದ್ದರಾಜು ಕೆಮ್ಮಿದ. ಬೆವರು ಒರೆಸಿಕೊಂಡು ಮತ್ತೆ ಕೆಮ್ಮಿದ. ಕಟ್ಟಡ, ಅಂಗಡಿ, ಪುಟ್ಟಿಯ ಮುಖ ಎಲ್ಲವೂ ಕಣ್ಣ ಮುಂದೆ ಬಂದುಹೋದವು. ಕೊನೆಗೆ ಬೆಂಚಿನ ಮೇಲೆ ಕೂತ ಹುಡುಗಿ ನೆನಪಾದಳು. ಆದದ್ದಾಗಲಿ ಎಂದು ಕಣ್ಣು ಮುಚ್ಚಿ, ಸಿಗ್ನಲ್ ಸರಿಯಿಲ್ಲದ್ದರಿಂದ ಇದ್ದಬದ್ದ ಉಸಿರನ್ನೆಲ್ಲ ಸೇರಿಸಿ ಕೂಗಿದ:

“ನಮ್ಮಾವನ ಬಾಯಿಗೆ ಬೀಗ ಹಾಕು ಶಿವನೇ!”

ಹೊಂಗೆಮರದ ಕೆಳಗಿದ್ದವರೆಲ್ಲ ತಿರುಗಿ ನೋಡಿದರು. ಎಲೆಅಡಿಕೆ ಹಾಕುತ್ತಿದ್ದ ಮುದುಕಿಯೊಬ್ಬಳು, “ಅಯ್ಯೋ ಪಾಪ, ಏಟು ನೊಂದವ್ನೋ” ಎಂದಳು. ಸಿದ್ದರಾಜು ಫೋನನ್ನು ಕಿವಿಗೆ ಒತ್ತಿಕೊಂಡ.

“ಯಾಕ್ರೀ ಅಷ್ಟು ಕಿರುಚ್ತೀರಿ?” ಎಂದರು ಗಂಗಾಧರಪ್ಪನವರು. “ನೀವು ಕೆಮ್ಮೋವಾಗ್ಲೇ ಹೊಡ್ದೆ. ಓಪನ್ ಆಯ್ತು. ಹುಡುಗೀನ ಕರೀತೀನಿ, ಇಡಿ ಫೋನು.”

ಸಿದ್ದರಾಜು ಸಂಜೆ ಅಂಗಡಿಗೆ ಬಂದಾಗ ಮೇಜಿನ ಮೇಲೆ ನಿಂಗರಾಜು ಇಟ್ಟುಹೋದ ಬಾಳೆಗೊನೆಯಿತ್ತು. ಕಾಲೇಜು ಆರಿಸಿದ್ದು ಹೊತ್ತಿಗೆ ಸರಿಯಾಗಿ ಮುಗಿದಿತ್ತು. ಮಾವ ಬೆತ್ತದ ಕುರ್ಚಿಯಲ್ಲಿದ್ದರು.

“ಯಾವಾಗಿಂದ ಗೊತ್ತು ಮಾವ?” ಎಂದ, ಬಾಗಿಲಲ್ಲೇ ನಿಂತು.

“ಮೊದಲನೇ ದಿನದಿಂದ. ಎರಡು ಬೆರಳಲ್ಲಿ ಹುಡುಕಿ ಹುಡುಕಿ ಹೊಡೆದ್ರೆ ಟೈಪಿಸ್ಟಾದೋನು ಓದ್ದೇ ಇರ್ತಾನಾ? ಹತ್ತು ಬೆರಳು ಕಲೀರಿ ಅಂತ ಬಡ್ಕೊಂಡಿದ್ದು ಮತ್ಯಾಕೆ?”

“ಮತ್ತೆ ಒಂದು ಮಾತೂ ಅನ್ಲಿಲ್ವಲ್ಲ ಮಾವ.”

ಗಂಗಾಧರಪ್ಪನವರು ಪೇಪರನ್ನು ಮಡಿಸಿದರು. “ಏನನ್ನೋದು? ಬೀಗ ಹಾಕು ಅಂತ ಬೆಳಿಗ್ಗೆ ಎದ್ದು ಶಿವನ್ನ ಬೇಡ್ತಿದ್ರಿ. ಅವನಿಗೆ ಯಾವಾಗ ಪುರುಸೊತ್ತಾಗ್ತದೋ ಏನೋ. ಪಕ್ಕದಲ್ಲೇ ಕೂತಿದ್ನಲ್ಲ, ನಾನೇ ಹಾಕ್ಕೊಂಡೆ.”

ಸಿದ್ದರಾಜುವಿಗೆ ದೇವಸ್ಥಾನದಲ್ಲಿ ಒಡೆದ ತೆಂಗಿನಕಾಯಿ ನೆನಪಾಯಿತು. ಇಷ್ಟು ನಾಚಿಕೆ ಅವನಿಗೆ ಹುಟ್ಟಿದಾಗಿನಿಂದ ಆಗಿರಲಿಲ್ಲ. ಮಾತನಾಡುವುದೇ ಬದುಕಾಗಿದ್ದ ಮನುಷ್ಯ, ತನಗಾಗಿ ಬಾಯಿ ಕಟ್ಟಿಕೊಂಡು ಕೂತಿದ್ದರು. ತಾನು ಹಣ್ಣುಕಾಯಿ ಮಾಡಿಸಿ ಪ್ರಸಾದ ಹಂಚಿದ್ದ. “ತಪ್ಪಾಯ್ತು ಮಾವ” ಎಂದ. ಮಾವ ಒಂದು ಬಾಳೆಹಣ್ಣು ಕಿತ್ತು ಅವನ ಕೈಗೆ ಕೊಟ್ಟರು.

ಮಾರನೆಯ ಬೆಳಿಗ್ಗೆ ಸಿದ್ದರಾಜು ಕಪ್ಪು ಪರದೆ ತೆರೆದು ಮಾಸ್ಟರ್ ಬದಲಿಸಿದ. ಎಂದಿನಂತೆ ಎರಡೇ ಬೆರಳು, ಆದರೆ ಬೇಕೆಂದೇ ಇನ್ನೂ ನಿಧಾನವಾಗಿ, ಪಕ್ಕದ ಕುರ್ಚಿಗೆ ಚೆನ್ನಾಗಿ ಕಾಣುವ ಹಾಗೆ ಒಂದೊಂದೇ ಕೀಲಿ ಒತ್ತಿದ: ‘ಮಾತಾಡಿ ಮಾವ, ನೀವು ಮಾತಾಡದೆ ಅಂಗಡಿ ಬಿಕೋ ಅಂತಿದೆ.’

ಪೇಪರಿನ ಮೇಲಿಂದ ಇಣುಕುತ್ತಿದ್ದ ಕಣ್ಣುಗಳು ಕೊನೆಯ ಕೀಲಿಯವರೆಗೂ ಓದಿದವು. ಗಂಗಾಧರಪ್ಪನವರು ಗಂಟಲು ಸರಿಮಾಡಿಕೊಂಡರು.

“ನಮ್ಮ ಆಫೀಸಿಗೆ ಒಬ್ರು ತಹಶೀಲ್ದಾರ್ರು ಬಂದಿದ್ರು ನೋಡಿ...” ಎಂದು ಶುರುಮಾಡಿದವರು, ಊಟಕ್ಕೆ ಪುಟ್ಟಿ ಬಂದು ಕರೆಯುವವರೆಗೂ ನಿಲ್ಲಿಸಲಿಲ್ಲ.