ಕುಲುಮೆಯ ಮಣ್ಣು ಒಣಗುವವರೆಗೆ

ಐಮಂಗಲದ ಹೆದ್ದಾರಿ ಪಕ್ಕದಲ್ಲಿ ಜಂಬಣ್ಣನ ಕುಲುಮೆ. ಲಾರಿಯ ಹಳೆ ಬ್ರೇಕ್ ಡ್ರಮ್ಮಿಗೆ ಕಾಲು ಕೂಡಿಸಿ, ತಳಕ್ಕೆ ಗಾಳಿ ಕೊಳವೆ ಸೇರಿಸಿ ಅವನೇ ಮಾಡಿಕೊಂಡದ್ದು. ಬೆಂಕಿ ಡ್ರಮ್ಮನ್ನೇ ತಿನ್ನಬಾರದೆಂದು ಒಳಗೆಲ್ಲ ಹುತ್ತದ ಮಣ್ಣು, ಹೊಟ್ಟು, ಸಗಣಿ ಕಲಸಿ ಮೆತ್ತುತ್ತಿದ್ದ. ಅದು ಪೂರ್ತಿ ಒಣಗದೆ ಕೆಂಡ ಹಾಕುವಂತಿಲ್ಲ. ಒಳಗೆ ಉಳಿದ ನೀರು ಕುದಿದು ಮಣ್ಣನ್ನು ಸಿಡಿಸುತ್ತದೆ.

ಮೇಲೆ ಒಣಗಿದ್ದು ಕೈಗೆ ತಿಳಿಯುತ್ತದೆ, ಒಳಗಿನದು ಕಿವಿಗೇ ತಿಳಿಯಬೇಕು. ಜಂಬಣ್ಣನ ಕಿವಿ ಸುತ್ತಿಗೆ ಸದ್ದಿಗೆ ಎಂದೋ ಹೋಗಿತ್ತು. ಹೆಂಡತಿ ತಿಪ್ಪಕ್ಕ ಬೆರಳ ಗೆಣ್ಣಿನಿಂದ ಕುಟ್ಟಿ ಕೇಳುವಳು. ಹಸಿ ಮಣ್ಣು ದಪ್ ಎನ್ನುತ್ತದೆ, ಒಣಗಿದ್ದು ಸುಟ್ಟ ಗಡಿಗೆಯಂತೆ ಟಣ್ ಎನ್ನುತ್ತದೆ. ಹಸಿಯಿದ್ದರೆ ಅಂಗೈ ಮಗುಚಿ ತೋರಿಸುವಳು, ಒಣಗಿದ್ದರೆ ಅಂಗೈ ಮೇಲೆ ಮಾಡುವಳು. ಹರೆಯದಲ್ಲೇ ಒಂದು ಕಣ್ಣು ಕಿಡಿ ಬಿದ್ದು ಹೋಗಿದ್ದ ಜಂಬಣ್ಣ ಉಳಿದ ಕಣ್ಣನ್ನು ಅವಳ ಕಿವಿಯ ಭರವಸೆಗೆ ಬಿಟ್ಟಿದ್ದ.

ಈ ಸಲ ಮುಂಗಾರಿಗೆ ಮೊದಲು ಮಣ್ಣು ಮತ್ತೆ ಉದುರಿತು. ಕುಂಟೆಯ ಮೊಂಡಾದ ಕಬ್ಬಿಣದ ಕುಡ ತಟ್ಟಿಸಲು ಬಂದ ಗಾರೆ ಕೆಲಸದ ಪ್ರಭುಲಿಂಗ ನಕ್ಕ.

"ವರ್ಷಾ ವರ್ಷಾ ಮೆತ್ತಾಕೆ ಬೇಜಾರಿಲ್ಲೇನಕ್ಕ? ಒಂದು ಬಾಂಡ್ಲಿ ಸಿಮೆಂಟ್ ಕಲಸ್ರಿ. ನೀವಿಬ್ರೂ ಹೋದ್ರೂ ಕುಲುಮೆ ಇರ್ತೈತೆ."

ಅವನೇ ಸಿಮೆಂಟ್ ತಂದುಕೊಟ್ಟ. ಜಂಬಣ್ಣ ಅದನ್ನು ಮಣ್ಣಿಗೆ ಬೆರೆಸಿ, ಕೈ ಒದ್ದೆ ಮಾಡಿಕೊಂಡು ನುಣ್ಣಗೆ ಮೆತ್ತಿದ.

ಅಷ್ಟರಲ್ಲಿ ಮಳೆ ಬಿತ್ತು. ಸುತ್ತಲ ಹಳ್ಳಿಯವರು ಕುಡ ಹಿಡಿದು ಬಂದು ಕುಂತರು. ತಿಪ್ಪಕ್ಕ ಕುಟ್ಟಿದಳು. ಟಣ್ ಎಂದಿತು. ಇಷ್ಟು ಬೇಗ ಒಣಗಿದ್ದನ್ನು ಅವಳು ಕಂಡಿರಲಿಲ್ಲ. ಕೊಳವೆಯ ಬಾಯಿ ಹತ್ತಿರ ಮತ್ತೆ ಕುಟ್ಟಿದಳು. ಅಲ್ಲೂ ಟಣ್. ಸಿಮೆಂಟು ನೀರನ್ನು ಒಳಗಿಟ್ಟುಕೊಂಡೇ ಗಟ್ಟಿಯಾಗುತ್ತದೆ, ಹಸಿಯಿದ್ದೂ ಹಾಗೆಯೇ ಸದ್ದು ಕೊಡುತ್ತದೆ ಎಂಬುದು ಮಣ್ಣಿನಲ್ಲಿ ಪಳಗಿದ ಅವಳ ಕಿವಿಗೆ ಗೊತ್ತಿರಲಿಲ್ಲ. ಅಂಗೈ ಮೇಲೆ ಮಾಡಿದಳು.

ಜಂಬಣ್ಣ ಕೆಂಡ ಹಾಕಿದ. ಅವಳು ಗಾಳಿಯಂತ್ರ ತಿರುಗಿಸಿದಳು. ಕುಡ ಕೆಂಪಾಯಿತೇ ಎಂದು ಅವನು ಬಗ್ಗಿ ನೋಡುವಾಗ ಕುಲುಮೆ ಸಿಡಿಯಿತು. ಆ ಸದ್ದು ಕೇಳದವನು ಅಲ್ಲಿ ಅವನೊಬ್ಬನೇ.

ದುರ್ಗದ ಆಸ್ಪತ್ರೆಯಲ್ಲಿ ಡಾಕ್ಟರು ಹೇಳಿದ್ದನ್ನು ಅವನಿಗೆ ತಿಳಿಸಲು ಅವಳಿಗೆ ಯಾವ ಸನ್ನೆಯೂ ಉಳಿದಿರಲಿಲ್ಲ. ಕಟ್ಟು ಬಿಚ್ಚಿದ ಮೇಲೆ, ಮಟಮಟ ಮಧ್ಯಾಹ್ನ, ಲೈಟ್ ಹಾಕೇ ಎಂದ.

ಊರಿಗೆ ಬಂದವನು ತಡಕಾಡುತ್ತಲೇ ಸಿಮೆಂಟೆಲ್ಲ ಕೆತ್ತಿ ತೆಗೆದು ಬರೀ ಹುತ್ತದ ಮಣ್ಣು ಮೆತ್ತಿದ. ಕುಡ ಕಾಸಲು ಕಣ್ಣೇ ಬೇಕಿಲ್ಲ, ಬಿಸಿ ಮುಖಕ್ಕೆ ತಿಳಿಯುತ್ತದೆ ಎಂದು ಬಂದವರಿಗೆಲ್ಲ ಜೋರಾಗಿ ಹೇಳಿದ. ಅಂದಿನಿಂದ ದಿನಾ ಬೆಳಗ್ಗೆ ಕೈ ಮುಂದೆ ಚಾಚುತ್ತಾನೆ.

"ಒಣಗೈತೇನೆ?"

ತಿಪ್ಪಕ್ಕ ಕುಟ್ಟುತ್ತಾಳೆ. ಮಣ್ಣು ಟಣ್ ಎನ್ನುತ್ತದೆ. ಹಾಗೆ ಎನ್ನತೊಡಗಿ ಒಂದು ಮಳೆಗಾಲವೇ ಕಳೆದಿದೆ. ಆಕೆ ಅವನ ಅಂಗೈ ಹಿಡಿದು ಮಗುಚಿಡುತ್ತಾಳೆ.

"ಈ ಸಲದ ಮಣ್ಣು ಯಾಕೋ ಬಾಳ ತಡ ಮಾಡ್ತೈತೆ," ಎಂದು ಅವನು ಗೋಡೆಗೆ ಒರಗುತ್ತಾನೆ. "ಆಗ್ಲಿ ಬಿಡು. ಅವಸ್ರ ಮಾಡಾದು ಬ್ಯಾಡ."