ಹರತಾಳದ ದಿನದ ರಿಲೀವರ್

ನನ್ನ ಗಂಡ ಕಾಶೀನಾಥ ಬ್ಯಾಂಕಿನಲ್ಲಿ ಸೀನಿಯರ್ ಮ್ಯಾನೇಜರು. ಬ್ಯಾಂಕಿನವರು ಅವರನ್ನು ಧಾರವಾಡದಿಂದ ಎತ್ತಿ ತಿರುವನಂತಪುರಕ್ಕೆ ಹಾಕಿದಾಗ ಮಗಳು ಅಪೂರ್ವಾಳನ್ನು ಕಟ್ಟಿಕೊಂಡು ನಾನೂ ಹಿಂದೆ ಬಂದೆ. ಅಲ್ಲಿಯ ಉಳ್ಳೂರಿನ ಬಾಡಿಗೆ ಮನೆಯಲ್ಲಿ ಗೋಡೆ ನೋಡುತ್ತ ಕೂತು ಸಾಕಾಯಿತು. ಮಲಯಾಳ ಕಲಿತೆ, ಬ್ರಾಡ್‌ಬ್ಯಾಂಡ್ ಹಾಕಿಸಿದೆ, ಕೊಚ್ಚಿಯ ಕಳಮಶ್ಶೇರಿಯಲ್ಲಿರುವ ಒಂದು ಸೆಕ್ಯೂರಿಟಿ ಕಂಪನಿಗೆ ವರ್ಚುಯಲ್ ಅಸಿಸ್ಟೆಂಟ್ ಆಗಿ ಸೇರಿದೆ. ಅಂದರೆ ಆಫೀಸಿನ ಮುಖ ನೋಡದೆ ಆಫೀಸಿನ ಕೆಲಸ ಮಾಡುವವಳು. ಯಾವ ಗಾರ್ಡು ಯಾವ ಗೇಟಿಗೆ, ಯಾರಿಗೆ ರಜೆ, ಪಾಳಿ ಮುಗಿದವನನ್ನು ಬಿಡಿಸಲು ಹೋಗುವ ರಿಲೀವರ್ ಯಾರು, ಎಲ್ಲವೂ ನಮ್ಮ ಊಟದ ಟೇಬಲ್ಲಿನ ಮೇಲೆ ತೀರ್ಮಾನವಾಗುತ್ತಿತ್ತು. ಒಬ್ಬ ಗಾರ್ಡನ್ನೂ ನಾನು ಕಣ್ಣಿಂದ ಕಂಡಿರಲಿಲ್ಲ.

ನಮ್ಮಲ್ಲಿ ಒಂದು ರೂಢಿಯಿತ್ತು. ಪ್ರತಿಯೊಬ್ಬ ಗಾರ್ಡೂ ಗಂಟೆಗೊಮ್ಮೆ ನನ್ನ ಮೊಬೈಲಿಗೆ ಮಿಸ್ಡ್ ಕಾಲ್ ಕೊಡಬೇಕು. ಒಂದು ಬಂದರೆ ಎಲ್ಲ ಕ್ಷೇಮ. ಅದರ ಬೆನ್ನಿಗೇ ಎರಡನೆಯದು ಬಂದರೆ ಏನೋ ಎಡವಟ್ಟಾಗಿದೆ, ನಾನು ತಿರುಗಿ ಫೋನು ಮಾಡಬೇಕು. ಕಾಶೀನಾಥರಿಗೆ ಇದು ತಮಾಷೆಯೋ ತಮಾಷೆ. ಮನೆಗೆ ಬಂದವರ ಮುಂದೆಲ್ಲ, ನಮ್ಮಾಕೀದು ಮಿಸ್ಡ್ ಕಾಲ್ ಎಣಸೋ ನೌಕರಿ ಎಂದು ನಗುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಇವರು ತಾನೇ ಏನು ಮಾಡುತ್ತಾರೆ? ಬೇರೆಯವರ ನೋಟು ಎಣಿಸುತ್ತಾರೆ.

ಅವರು ಟ್ರೇನಿಂಗಿಗೆಂದು ಕೊಚ್ಚಿಗೆ ಹೋದ ಮರುದಿನವೇ ಹರತಾಳ ಘೋಷಣೆಯಾಯಿತು. ನಮ್ಮ ಕಡೆಯ ಬಂದ್‌ಗೆ ಇಲ್ಲಿಯ ಹೆಸರು ಅದು. ಸಂಜೆ ಆರರವರೆಗೆ ಬಸ್ಸಿಲ್ಲ, ಆಟೋ ಇಲ್ಲ, ಚಹಾದಂಗಡಿಯೂ ಇಲ್ಲ. ರೈಲು ಮಾತ್ರ ಓಡುತ್ತದೆ. ಟ್ರೇನಿಂಗು ರದ್ದಾಗಿ ಅವರು ಹೈಕೋರ್ಟಿನ ಹತ್ತಿರದ ಲಾಜಿನಲ್ಲಿ ಕಾಲು ಚಾಚಿ ಮಲಗಿದ್ದರು.

ಅಂದು ಬೆಳಿಗ್ಗೆ ಕೊಚ್ಚಿಯ ವಲ್ಲಾರ್ಪಾಡಂನಿಂದ ಮಿಸ್ಡ್ ಕಾಲ್ ಬಂತು. ಬೆನ್ನಿಗೇ ಇನ್ನೊಂದು. ಆಗ ಅಲ್ಲಿ ಬಂದರಿನ ಕಂಟೇನರ್ ಟರ್ಮಿನಲ್ ಕಟ್ಟುತ್ತಿದ್ದರು. ಕೆಲಸದ ಸಾಮಾನಿಡುವ ಒಂದು ಗೋದಾಮಿನ ಗೇಟಿನಲ್ಲಿ ಇಸ್ಮಾಯಿಲ್ ಎಂಬ ಗಾರ್ಡಿನ ರಾತ್ರಿಪಾಳಿ ಮುಗಿದಿತ್ತು. ಅವನ ಹೆಂಡತಿ ನಮ್ಮ ಮನೆಯಿಂದ ಕೂಗಳತೆಯ ಮೆಡಿಕಲ್ ಕಾಲೇಜಿನಲ್ಲಿದ್ದಳು. ಹೆರಿಗೆ ಕಷ್ಟ, ಆಪರೇಷನ್ ಮಾಡುತ್ತೇವೆ ಎಂದಿದ್ದರಂತೆ. ಮೊದಲ ಮಗು ಹುಟ್ಟುವಾಗಲೇ ಹೋಗಿತ್ತು. ಅಂದೂ ನಾನೊಂದು ಗೇಟಿನಲ್ಲೇ ಇದ್ದೆ ಮೇಡಂ ಎಂದು ಮಲಯಾಳದಲ್ಲಿ ಹೇಳಿ, ರಿಲೀವರ್ ಯಾವಾಗ ಬರುತ್ತಾನೆ ಎಂದಷ್ಟೇ ಕೇಳಿದ.

ರಿಲೀವರ್ ಬಸ್ಸಿಲ್ಲದೆ ಮನೆಯಲ್ಲೇ ಸಿಕ್ಕಿಬಿದ್ದಿದ್ದ. ಗೋದಾಮಿನಲ್ಲಿ ಹಿಂದೊಮ್ಮೆ ಕಳವಾದ ಮೇಲೆ, ಇನ್ನೊಬ್ಬರ ಕೈಗೆ ಬೀಗದಕೈ ಕೊಡದೆ ಯಾರೂ ಗೇಟು ಬಿಡಕೂಡದು, ಬಿಟ್ಟರೆ ಕೆಲಸ ಹೋಯಿತು ಎಂದು ನಿಯಮವಾಗಿತ್ತು. ಅದನ್ನು ಟೈಪು ಮಾಡಿ ಎಲ್ಲ ಗೇಟುಗಳಿಗೆ ಅಂಟಿಸಲು ಕಳಿಸಿದವಳು ನಾನೇ. ಹಗ್ಗ ಕೊಟ್ಟು ಕೈ ಕಟ್ಟಿಸಿಕೊಂಡ ಹಾಗಾಯಿತು. ಗೊತ್ತಿದ್ದ ಗಾರ್ಡುಗಳಿಗೆಲ್ಲ ಫೋನು ಮಾಡಿದೆ, ಒಬ್ಬನೂ ಹತ್ತಿರದಲ್ಲಿರಲಿಲ್ಲ. ಕಡೆಗೆ ಲಾಜಿನಲ್ಲಿ ಮಲಗಿದ್ದವರ ನೆನಪಾಯಿತು.

"ಅಲ್ರೀ, ವಲ್ಲಾರ್ಪಾಡಂ ನಿಮ್ಮ ಲಾಜಿನಿಂದ ಸೇತುವೆ ದಾಟಿದ್ರ ನಡಕೊಂಡು ಹೋಗೂವಷ್ಟು ದೂರ. ಸಂಜೀತನಾ ಅಲ್ಲೊಂದು ಗೇಟಿನ್ಯಾಗ ಕೂಡ್ರತೀರೇನು?"

"ತಲಿ ಕೆಟ್ಟದೇನು ನಿನಗ?" ಎಂದರು.

ಇಸ್ಮಾಯಿಲನ ಕಥೆ ಹೇಳಿದೆ. ಪಾಪ ಅಂದರು. ಆದರೆ ಬ್ಯಾಂಕಿನವರು ಯಾರಾದರೂ ನೋಡಿದರೆ? ಸಾಮಾನು ಕಳುವಾದರೆ? ಬಿಸಿಲು ಬೇರೆ ಅಂದರು. ಇಷ್ಟು ವರ್ಷ ಹೊಟ್ಟೆಯೊಳಗಿಟ್ಟುಕೊಂಡಿದ್ದ ಮಾತು ಬಾಯಿಗೆ ಬಂದೇಬಿಟ್ಟಿತು.

"ಅಪೂರ್ವಾ ಹುಟ್ಟಿದಾಗ ಬ್ಯಾಂಕಿನ ಕ್ಲೋಸಿಂಗ್ ಅಂತ ನೀವು ಬರಲಿಲ್ಲ. ನಾ ಏನೂ ಅನ್ನಲಿಲ್ಲ. ಇಂವಾದ್ರೂ ಹೋಗಿ ಹೆಂಡತಿ ಹತ್ರ ನಿಂದರ್ಲಿ."

ಆ ಕಡೆ ಮಂಚ ಕಿರುಗುಟ್ಟಿತು, ಎದ್ದು ಕೂತಿರಬೇಕು. ಆಮೇಲೆ ಕೇಳಿದರು:

"ಗೇಟ್ ಎಲ್ಲ್ಯದ?"

ಕಳಮಶ್ಶೇರಿಯಲ್ಲಿದ್ದ ಕಂಪನಿಯ ಮಾಲೀಕ ಅಜಿತ್ ಸರ್ ಮಿಲಿಟರಿಯಿಂದ ಬಂದವರು. ಫೋನು ಮಾಡಿ ವಿಷಯ ಹೇಳಿದೆ. ನಿಮ್ಮ ಯಜಮಾನರಿಗೆ ಅನುಭವವಿದೆಯೇ ಎಂದು ಕೇಳಿದರು. ಬ್ಯಾಂಕಿನ ಖಜಾನೆಯ ಬೀಗದಕೈ ಹಿಡಿಯುವವರು ಎಂದೆ. ಹಾಗಾದರೆ ಗೇಟಿನದನ್ನೂ ಹಿಡಿಯಲಿ, ಒಪ್ಪಿಗೆ ಎಂದರು.

ಇಸ್ಮಾಯಿಲ್ ಅಷ್ಟು ಅವಸರದಲ್ಲೂ ನಿಯಮ ಬಿಡಲಿಲ್ಲವಂತೆ. ಮೊದಲು ಗುರುತಿನ ಚೀಟಿ ತೋರಿಸಿ ಎಂದನಂತೆ. ಬ್ಯಾಂಕಿನಲ್ಲಿ ಕಂಡವರನ್ನೆಲ್ಲ ಗುರುತಿನ ಚೀಟಿ ಕೇಳುವ ಮನುಷ್ಯ ಕಿಸೆ ತಡಕಾಡಿ ತೋರಿಸಬೇಕಾಯಿತು. ಟೋಪಿ ಇವರ ತಲೆಗಿಟ್ಟು, ಸೀಟಿ ಕೊರಳಿಗೆ ಹಾಕಿ, ಮಿಸ್ಡ್ ಕಾಲಿನ ಲೆಕ್ಕ ಹೇಳಿಕೊಟ್ಟು ಅವನು ಸ್ಟೇಷನ್ನಿಗೆ ಓಡಿದ. ಅಪ್ಪ ಸೆಕ್ಯೂರಿಟಿ ಆದರಾ ಎಂದು ಅಪೂರ್ವಾ ಮಲಯಾಳದಲ್ಲೇ ಕೇಳಿ ಬಿದ್ದು ಬಿದ್ದು ನಕ್ಕಳು.

ಒಂಬತ್ತಕ್ಕೆ ಸರಿಯಾಗಿ ಇವರ ಮಿಸ್ಡ್ ಕಾಲ್ ಬಂತು. ಹತ್ತಕ್ಕೂ ಬಂತು. ನಮ್ಮ ಸಂಸಾರದಲ್ಲಿ ಈ ಮನುಷ್ಯ ಹೇಳಿದ ಹೊತ್ತಿಗೆ ಫೋನು ಮಾಡಿದ್ದು ಅದೇ ಮೊದಲು.

ಮಧ್ಯಾಹ್ನ ಫ್ಲಾಸ್ಕಿನಲ್ಲಿ ಗಂಜಿ ತುಂಬಿಕೊಂಡು ಆಸ್ಪತ್ರೆಗೆ ನಡೆದೆ. ಪಾಸಿಲ್ಲದೆ ಒಳಗೆ ಬಿಡುವುದಿಲ್ಲ ಎಂದು ವಾರ್ಡಿನ ಬಾಗಿಲಲ್ಲಿ ಗಾರ್ಡು ತಡೆದ. ಅವನಿಗೆ ಏನೆಂದು ಬೈಯಲಿ? ನಮ್ಮ ಗಾರ್ಡಾಗಿದ್ದರೆ ನಾನೇ ಶಹಬ್ಬಾಸ್ ಅನ್ನುತ್ತಿದ್ದೆ. ಇಸ್ಮಾಯಿಲನ ಹೆಂಡತಿಯನ್ನು ಇನ್ನೂ ಆಪರೇಷನ್ನಿಗೆ ಕರೆದೊಯ್ದಿಲ್ಲ ಎಂದು ಒಳಗೆ ವಿಚಾರಿಸಿ ಬಂದು ಹೇಳಿದ. ಗಂಜಿ ಅವನ ಕೈಯಲ್ಲೇ ಒಳಗೆ ಕಳಿಸಿ ಮನೆಗೆ ಬಂದೆ. ಸ್ಟೇಷನ್ನಿನಿಂದ ಯಾರದೋ ಬೈಕು ಹತ್ತಿದ್ದೇನೆ ಎಂದು ಇಸ್ಮಾಯಿಲ್ ಹೇಳಿದ್ದು ಆಮೇಲೆ. ಅಲ್ಲಿಂದ ಮುಂದೆ ಅವನಿಂದ ಸುದ್ದಿಯೇ ಇಲ್ಲ. ನಾನಾಗಿಯೇ ಫೋನು ಮಾಡಲು ಧೈರ್ಯ ಬರಲಿಲ್ಲ. ದೇವರೇ, ಈ ಸಲ ಗೇಟು ಬಿಡಿಸಿ ಕಳಿಸಿದ್ದೇನೆ, ಬರಿಗೈಯಲ್ಲಿ ಕಳಿಸಬೇಡ ಎಂದು ಮನಸ್ಸಿನಲ್ಲೇ ಜಗಳ ತೆಗೆದೆ.

ಐದು ಗಂಟೆಗೆ ಕಾಶೀನಾಥರ ಮಿಸ್ಡ್ ಕಾಲ್ ಬಂತು. ಅದು ನಿಂತದ್ದೇ ಇಸ್ಮಾಯಿಲನ ನಂಬರಿನಿಂದ ಒಮ್ಮೆ ರಿಂಗಾಗಿ ಕಟ್ಟಾಯಿತು. ಪಾಳಿಯಲ್ಲಿಲ್ಲದವನು ರೂಢಿಯಂತೆಯೇ ಕೊಟ್ಟಿದ್ದ. ಮೊಬೈಲನ್ನು ಎರಡೂ ಕೈಯಲ್ಲಿ ಹಿಡಿದು ಎರಡನೆಯದಕ್ಕೆ ಕಾದೆ. ಬರಲಿಲ್ಲ. ತಡೆಯಲಾರದೆ ಗೇಟಿಗೆ ಫೋನು ಮಾಡಿದೆ.

"ರೀ, ಇಸ್ಮಾಯಿಲಂದು ಬಂತು. ಒಂದೇ."

"ಎರಡನೇದು ಬರಲಿಲ್ಲಲ್ಲಾ? ಖರೇ?"

"ಖರೇನರೀ."

ಅವರು ಒಮ್ಮೆಲೇ ಗದರಿದರು:

"ಮತ್ತ ಫೋನ್ ಯಾಕ ಹಿಡಕೊಂಡು ಕೂತಿ? ಇಡು ಮೊದಲ. ಎರಡನೇದು ಬಂದ್ರ ಹೆಂಗ ಗೊತ್ತಾಗಬೇಕು?"

ಇಟ್ಟೆ. ನಗುವೂ ಅಳುವೂ ಕೂಡಿಯೇ ಬಂದವು. ಅಲ್ಲಿ ಗೇಟಿನಲ್ಲಿ ಅವರು, ಇಲ್ಲಿ ಟೇಬಲ್ಲಿನ ಮುಂದೆ ನಾನು, ಇಬ್ಬರೂ ಆ ಎರಡನೆಯದು ಬಾರದಿರಲಿ ಎಂದು ಕಾಯುತ್ತ ಕೂತೆವು. ಹರತಾಳ ಮುಗಿದು ಮೊದಲ ಬಸ್ಸಿನ ಹಾರ್ನು ಕೇಳಿಸುವ ಹೊತ್ತಿಗೆ ಮೊಬೈಲು ಮತ್ತೊಮ್ಮೆ ರಿಂಗಾಯಿತು. ಅದು ಕಾಶೀನಾಥರದು, ಆರು ಗಂಟೆಯದು. ಅದೂ ಒಂದೇ.