ಹದಿನಾರು ಎಂಬಿ ಒಂದೇ ಸಾಲಿನಲ್ಲಿ

ಚಿನಕುರುಳಿಯ ಕಾಲು ಬೆಳಗಿನಿಂದ ನೆಲದ ಮೇಲೆ ನಿಂತಿರಲಿಲ್ಲ. ಒಳಗಿಂದ ನಡೆಸುವ ಮೂಲ ಪ್ರೋಗ್ರಾಮನ್ನು, ಅಂದರೆ ಕರ್ನಲ್ಲನ್ನು, ಅವಳೇ ಬರೆದ ಸ್ಕ್ಯಾನ್ ಮೆಷೀನು ಚಿಕ್ಕಮ್ಮನ ಪ್ರಾಣಿಗಳ ಆಸ್ಪತ್ರೆಯಲ್ಲಿ ಹದಿನಾಲ್ಕು ದಿನ, ಒಮ್ಮೆಯೂ ಆರಿಸದೆ ಓಡಿತ್ತು. ಆಫೀಸಿನಲ್ಲಿ ಎಲ್ಲರೂ ‘ಅಜ್ಜ’ ಎನ್ನುವ ಹಿರಿಯ ಇಂಜಿನಿಯರು, ಚಿತ್ರಕ್ಕೆ ಬೇಕಾದ ಹದಿನಾರು ಎಂಬಿ ಮೆಮೊರಿಯನ್ನು ಮೆಷೀನು ಶುರುವಾಗುವಾಗಲೇ ಎತ್ತಿಡಬೇಕೆಂದು ಹಟ ಹಿಡಿದಿದ್ದರು. ದಿನಕ್ಕೆ ನಾಲ್ಕು ಸ್ಕ್ಯಾನ್‌ಗಾಗಿ ಅಷ್ಟು ಜಾಗ ಹಗಲೂ ರಾತ್ರಿ ಖಾಲಿ ಬಿದ್ದಿರಬೇಕೇ? ಬೇಕಾದಾಗ ಕೇಳಿದರಾಯಿತು ಎಂದು ಇವಳ ವಾದ. ಅದಕ್ಕೆ ಸಾಕ್ಷಿ ಕೂಡಿಸಲು ಕರ್ನಲ್‌ನೊಳಗೇ ಒಬ್ಬ ಪುಟ್ಟ ಕಾವಲುಗಾರನನ್ನು ಕೂರಿಸಿದ್ದಳು. ಗಂಟೆಗೊಮ್ಮೆ ಮೆಮೊರಿಯ ಸ್ಥಿತಿ ಬರೆದಿಡುವುದು ಆ ಪ್ರೋಗ್ರಾಮಿನ ಕೆಲಸ. ಇವತ್ತು ಆ ಟಿಪ್ಪಣಿಗಳನ್ನು ಒಯ್ದು ಅಜ್ಜನ ಬಾಯಿ ಮುಚ್ಚಿಸುವುದೊಂದೇ ಬಾಕಿ.

ಅವಳು ಆಸ್ಪತ್ರೆಗೆ ಬಂದಾಗ ಒಳಗೆ ಮೇಜಿನ ಮೇಲೆ ಡುಮ್ಮಿ ಎಂಬ ನಾಯಿ ಏದುಸಿರು ಬಿಡುತ್ತಿತ್ತು. ಮೂರು ಮರಿ ಹಾಕಿಯಾಗಿತ್ತು, ನಾಲ್ಕನೆಯದು ಒಂದು ಗಂಟೆಯಾದರೂ ಬಂದಿರಲಿಲ್ಲ. ಮರಿಗೆ ಜೀವವಿದ್ದರೆ ಈಗಲೇ ಆಪರೇಷನ್ ಮಾಡಬೇಕು, ಇಲ್ಲವಾದರೆ ಸುಸ್ತಾದ ತಾಯಿಯನ್ನು ಕೊಯ್ಯುವುದು ಬೇಡ. ಚಿಕ್ಕಮ್ಮ ಹೊಟ್ಟೆಗೆ ಜೆಲ್ ಸವರಿ ಗುಂಡಿ ಒತ್ತಿದಳು.

ಪರದೆಯ ಮೇಲೆ ‘ಮೆಮೊರಿ ಸಾಲದು’ ಎಂದು ಬಂತು.

“ಇದೇನೇ ಇದು?”

ಚಿನಕುರುಳಿ ಲ್ಯಾಪ್‌ಟಾಪ್ ಸಿಕ್ಕಿಸಿ ನೋಡಿದಳು. ಮುನ್ನೂರು ಎಂಬಿ ಖಾಲಿ ಬಿದ್ದಿದೆ! ಅವಳಿಗೆ ನಗು ಉಕ್ಕಿ ಬಂತು.

“ಜಾಗ ಬೇಕಾದಷ್ಟಿದೆ ಚಿಕ್ಕಮ್ಮ, ಆದ್ರೆ ಚೂರು ಚೂರಾಗಿದೆ. ಚಿತ್ರ ಹಿಡಿಯೋ ಈ ಚಿಪ್‌ಗೆ ಅಲ್ಲಿಷ್ಟು ಇಲ್ಲಿಷ್ಟು ಬರೆಯೋಕೆ ಬರಲ್ಲ, ಹದಿನಾರೂ ಒಂದೇ ಸಾಲಲ್ಲಿ ಬೇಕು. ನಿನ್ನ ಹೊರಗಿನ ಬೆಂಚಲ್ಲಿ ಒಬ್ಬೊಬ್ರು ಒಂದೊಂದು ಸೀಟು ಬಿಟ್ಟು ಕೂತ್ರೆ, ನಾಲ್ಕು ಜನ ಒಟ್ಟಿಗೆ ಕೂರೋಕಾಗುತ್ತಾ?”

“ಸರಿದು ಕೂತ್ಕೊಳ್ಳಿ ಅನ್ನು.”

“ಅಂದೆ. ಸರಿತಿದ್ದಾರೆ. ಕೆಲವರು ಮಾತ್ರ ಜಪ್ಪಯ್ಯ ಅಂದ್ರೂ ಏಳ್ತಿಲ್ಲ.”

“ಹಲ್ಲು ಕಿಸೀತಾ ನಿಂತ್ಕೋಬೇಡ. ಆಫ್ ಮಾಡಿ ಆನ್ ಮಾಡ್ಲಾ?”

“ಏಳು ನಿಮಿಷ ಹಿಡಿಯುತ್ತೆ.”

“ಅಷ್ಟು ಹೊತ್ತು ಮರಿ ತಡೆಯಲ್ಲ. ಇನ್ನೂ ಇದ್ರೆ.”

ಚಿನಕುರುಳಿಯ ನಗು ನಿಂತಿತು. ಏಳದೆ ಕೂತವರು ಯಾರೆಂದು ಪಟ್ಟಿ ತೆಗೆದಳು. ಮುನ್ನೂರ ಮೂವತ್ತಾರು ಸಾಲು, ಎಲ್ಲದರಲ್ಲೂ ಒಂದೇ ಹೆಸರು. ಅವಳ ಕಾವಲುಗಾರ! ಗಂಟೆಗೊಂದು ಟಿಪ್ಪಣಿ, ಪ್ರತಿ ಟಿಪ್ಪಣಿಗೂ ಮೆಮೊರಿಯಲ್ಲಿ ಸಿಕ್ಕ ಕಡೆ ಒಂದು ಹೊಸ ಪುಟ, ಕದಲಿಸದಂತೆ ಮೊಳೆ ಹೊಡೆದಿಟ್ಟದ್ದು. ಮೆಮೊರಿ ಚೂರಾಗುತ್ತದೆಯೇ ಎಂದು ನೋಡಲು ಕೂರಿಸಿದವನೇ ಅದನ್ನು ಚೂರು ಮಾಡಿದ್ದ. ನಾಚಿಕೆಯಾಯಿತು, ಅದರ ಜೊತೆಗೇ ಆ ಹಾಳು ನಗು ಮತ್ತೆ ಕಿತ್ತುಕೊಂಡು ಬಂತು.

“ಕೂತಿರೋದು ನಾನೇ ಚಿಕ್ಕಮ್ಮ.”

“ಹಾಗಾದ್ರೆ ಏಳೇ ತಾಯಿ!”

ಕಾವಲುಗಾರನನ್ನು ಕಿತ್ತರೆ ಟಿಪ್ಪಣಿಗಳೆಲ್ಲ ಮಣ್ಣುಪಾಲು. ನಕಲು ಇಳಿಸಿಕೊಳ್ಳಲು ಎರಡೇ ನಿಮಿಷ ಸಾಕಿತ್ತು. ಚಿನಕುರುಳಿ ಡುಮ್ಮಿಯ ಮುಖ ನೋಡಿದಳು. ಎರಡು ನಿಮಿಷದ ಮಾತನ್ನು ಚಿಕ್ಕಮ್ಮನಿಗೆ ಹೇಳಲೇ ಇಲ್ಲ, ಅಳಿಸುವ ಗುಂಡಿ ಒತ್ತಿದಳು.

ಪುಟಗಳು ದಡಬಡ ಸರಿದವು. ಪರದೆ ಬೂದುಬಣ್ಣಕ್ಕೆ ತಿರುಗಿತು. ನಡುವೆ ಅಕ್ಕಿಕಾಳಿನಷ್ಟು ಏನೋ ಮಿಡಿಯುತ್ತಿತ್ತು.

“ಇದೆ,” ಎಂದಳು ಚಿಕ್ಕಮ್ಮ. ಮರುಕ್ಷಣ ಆಪರೇಷನ್ ಕೋಣೆಯ ಬಾಗಿಲು ಮುಚ್ಚಿತು.

ಹೊರಗೆ ಚಿನಕುರುಳಿ ಉಗುರು ಕಚ್ಚುತ್ತ ಅತ್ತಿಂದಿತ್ತ ಓಡಾಡುತ್ತಿದ್ದಾಗ ಅಜ್ಜನ ಫೋನು ಬಂತು.

“ಏನಮ್ಮ, ಸಾಕ್ಷಿ ಸಿಕ್ತಾ?”

“ಅಳಿಸ್ಬಿಟ್ಟೆ ಸರ್. ನೀವು ಹೇಳಿದ್ದೇ ಸರಿ, ಮೊದಲೇ ಎತ್ತಿಡೋಣ. ಖಾಲಿ ಬಿದ್ದಿದ್ರೆ ಬಿದ್ದಿರ್ಲಿ.”

“ಖಾಲಿ ಯಾಕೆ? ನೀನು ಹೇಳಿದ್ರಲ್ಲೂ ಅರ್ಥ ಇದೆ. ಎತ್ತಿಟ್ಟ ಜಾಗದಲ್ಲಿ, ಕೇಳಿದ ತಕ್ಷಣ ಏಳೋರು ಮಾತ್ರ ಕೂತಿರ್ಲಿ ಬಿಡು... ಅದೇನಮ್ಮ ಅಲ್ಲಿ ಕುಂಯ್‌ಗುಟ್ತಿರೋದು?”

ಬಾಗಿಲ ಸಂದಿಯಿಂದ ಚಿಕ್ಕಮ್ಮ ಟವೆಲ್ಲಿನ ಗಂಟೊಂದನ್ನು ಎತ್ತಿ ತೋರಿಸುತ್ತಿದ್ದಳು. ಚಿನಕುರುಳಿ ನಗುತ್ತಲೇ ಅಳುತ್ತ ಫೋನನ್ನು ಆ ಗಂಟಿನ ಕಡೆ ಹಿಡಿದಳು.